ಯಲಹಂಕದ ಬಯಲಿನಲ್ಲಿ ಮರದ ನಿಶಾಚರ



ಇರುಳಿನಲ್ಲಿ ಶತ್ರುವಿನ ವಿಮಾನನಿಲ್ದಾಣದ ನೆತ್ತಿಯ ಮೇಲೆಯೇ ಹೊಂಚು ಹಾಕಿದ್ದು, ಅವನ ವಿಮಾನ ಎಣ್ಣೆ ತೀರಿ, ಚಕ್ರಗಳನ್ನಿಳಿಸಿ, ನೆಲದ ದೀಪಗಳನ್ನು ನಂಬಿ ಕೆಳಗಿಳಿಯುವ ಗಳಿಗೆಯಲ್ಲಿ ಎರಗುವ ಯುದ್ಧಕ್ರಮವೊಂದು ಎರಡನೆಯ ಮಹಾಯುದ್ಧದಲ್ಲಿ ರೂಢಿಗೆ ಬಂದಿತು. ಧರ್ಮಯುದ್ಧದ ಲಕ್ಷಣವಲ್ಲ ಇದು. ಆದರೆ ಆ ಯುದ್ಧದಲ್ಲಿ ಅಂತಹ ಲಕ್ಷಣವನ್ನು ಅರಸುವವನೇ ಮರುಳ. ಈ ಕಾರ್ಯದಲ್ಲಿ ಅಗ್ರಗಣ್ಯವೆನಿಸಿದ, ಡಿ ಹ್ಯಾವಿಲೆಂಡ್ ಕಂಪನಿಯ ಮಸ್ಕಿಟೊ ವಿಮಾನವು 1940ರ ನವೆಂಬರ್ 25ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನಲ್ಲಿ ಮೊದಲು ಹಾರಿ, 1944ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಯಲಹಂಕದಲ್ಲಿ ಬಂದಿಳಿಯಿತು.  ಗಂಟೆಗೆ 600 ಕಿಲೋಮೀಟರಿನ ಸಮೀಪದ ವೇಗ ಆ ಯಂತ್ರದ್ದು.

ಆಶ್ಚರ್ಯವೆಂದರೆ, ಈ ವಿಮಾನ ಮರದ್ದು. ಯುದ್ಧಕಾಲದಲ್ಲಿ ಲೋಹಕ್ಕೆ ಬರ ಬಂದೀತೆಂದೂ, ಕುರ್ಚಿ ಮೇಜುಗಳನ್ನು ಮಾಡುವ ಬಡಗಿಗಳ ಕೈ ಬಿಡುವಾಗಿದ್ದೀತೆಂದೂ ಎಣಿಸಿದ ನಿರ್ಮಾತೃಗಳು, ಬರ್ಚ್ ಮರದ ತೆಳುಹಲಗೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು, ಅಚ್ಚಿನ ಮೇಲೆ ಬಾಗಿಸಿ, ಒಡಲನ್ನು ಎರಡು ಸೀಳುಗಳಾಗಿ ಮಾಡಿ ಬಳಿಕ ಕೂಡಿಸುತ್ತಿದ್ದರು. ಕೂಡಿಸುವ ಸರೇಸು ಮೊದಮೊದಲು ಹಾಲಿನಿಂದ ತೆಗೆದ ಕೇಸೀನಿನದು. ಹೀಗೆ ಹಾಲಿನ ಅಂಟಿನಿಂದ ನಿಂತ ಒಡಲಿಗೆ ಎರಡು ಮರ್ಲಿನ್ ಎಂಜಿನುಗಳು. ಆರನೆಯ ಮಾದರಿಯದಕ್ಕೆ ನಾಲ್ಕು ಫಿರಂಗಿ, ನಾಲ್ಕು ಮೆಷಿನ್‌ಗನ್, ಅದರ ಮೇಲೆ ಬಾಂಬುಗಳು.

ಯಲಹಂಕದಲ್ಲಿ ಯುದ್ಧ ನಡೆಯಲಿಲ್ಲ; ಅದು ಪಾಠಶಾಲೆಯಾಗಿತ್ತು. ವೆಂಜನ್ಸ್ ಎಂಬ ಒಂಟಿ ಎಂಜಿನಿನ ಬಾಂಬರುಗಳನ್ನು ನಡೆಸುತ್ತಿದ್ದ ಬ್ರಿಟಿಷ್ ವಾಯುದಳದ 45, 84ನೆಯ ಸ್ಕ್ವಾಡ್ರನ್ನುಗಳಂಥವು ಬರ್ಮಾ ರಣರಂಗದಿಂದ ಹಿಂದೆ ಸರಿದು ಇಲ್ಲಿಗೆ ಬಂದು ಹೊಸ ವಾಹನವನ್ನು ಪಳಗಿಸಿಕೊಂಡವು. 1672ನೆಯ ತರಬೇತಿ ಘಟಕವೂ ಇಲ್ಲಿಯೇ ನೆಲೆಸಿತು. ಪಳಗಿಸುವುದು ಸುಲಭವಾಗಿರಲಿಲ್ಲ. ಎರಡು ಎಂಜಿನುಗಳೂ ಒಂದೇ ದಿಕ್ಕಿಗೆ ತಿರುಗುತ್ತಿದ್ದುದರಿಂದ ನೆಲ ಬಿಡುವ ಮುನ್ನ ಮೂತಿ ಎಡಕ್ಕೆ ಸೆಳೆಯುತ್ತಿತ್ತು. ಎಡಗಡೆಯ ಎಂಜಿನಿಗೆ ತುಸು ಮುಂಚಿತವಾಗಿ ಬಲ ಕೊಟ್ಟು ನೇರ ಹಿಡಿಯುವ ಹದ ಪೈಲಟನ ಅಂಗೈಗೆ ಬರಬೇಕಾಗಿತ್ತು. ಬಲಪಕ್ಕದಲ್ಲಿ ಒತ್ತಿಕೊಂಡು ಕುಳಿತ ದಾರಿಗಾರನು ನಕ್ಷೆಯನ್ನು ಮೊಣಕಾಲ ಮೇಲೆ ಹರಡಿಕೊಳ್ಳುತ್ತಿದ್ದನು. ಹಗಲಿನಲ್ಲಿ ಅಡಗಿದ್ದು ಇರುಳಿನಲ್ಲಿ ಸಾಗುತ್ತಿದ್ದ ಜಪಾನೀಯರ ರೈಲು, ಲಾರಿ, ದೋಣಿಗಳನ್ನು ಬೆಳದಿಂಗಳಲ್ಲಿ ಅರಸುವ ಕೆಲಸಕ್ಕೆ ಇವರು ಅಣಿಯಾಗುತ್ತಿದ್ದರು.

1944ರ ಅಕ್ಟೋಬರಿನಲ್ಲಿ ಬಂಗಾಳದ ಅಭ್ಯಾಸಕ್ಷೇತ್ರವೊಂದರಲ್ಲಿ 82ನೆಯ ಸ್ಕ್ವಾಡ್ರನ್ನಿನ ಮಸ್ಕಿಟೊ ಒಂದು ಧುಮುಕುತ್ತಿದ್ದಾಗಲೇ ರೆಕ್ಕೆ ಮುರಿದು ಬಿತ್ತು. ಒಳಗಿದ್ದ ಇಬ್ಬರೂ ಮಡಿದರು. ನವೆಂಬರಿನಲ್ಲಿ, ಪರೀಕ್ಷೆಯಾಗುವವರೆಗೆ ಈ ವಿಮಾನಗಳು ಹಾರಕೂಡದೆಂದು ಆಜ್ಞೆಯಾಯಿತು. ಯಲಹಂಕದಲ್ಲಿದ್ದ 47ನೆಯ ಸ್ಕ್ವಾಡ್ರನ್ನು ತನ್ನ ಹಳೆಯ ಬ್ಯೂಫೈಟರ್ ವಿಮಾನಗಳಿಗೆ ಮರಳಿತು.

ಅಪವಾದವು ಮೊದಲು ನಮ್ಮ ಹವೆಯ ತಲೆಗೆ ಬಂದಿತು: ಬಿಸಿಲಿಗೂ ಮಳೆಗಾಲದ ತೇವಕ್ಕೂ ಕೇಸೀನಿನ ಅಂಟು ಬಿಟ್ಟಿತೆಂದು. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ರೆಕ್ಕೆಗಳನ್ನು ಬಿಚ್ಚಿ ನೋಡಿದವರಿಗೆ ತೊಲೆಗೂ ಮೇಲುಹಲಗೆಗೂ ನಡುವೆ ಅಂಟೇ ಸರಿಯಾಗಿ ತಾಗದ ಎಡೆಗಳು ಕಂಡವು. ಹ್ಯಾಟ್‌ಫೀಲ್ಡಿನಲ್ಲಿಯೂ ಲೀವ್ಸ್‌ಡೆನ್ನಿನಲ್ಲಿಯೂ ತಯಾರಾದ ವಿಮಾನಗಳಲ್ಲಿ ಒಂದೇ ಬಗೆಯ ದೋಷ. ಮರ ಹಿಗ್ಗುವುದನ್ನೂ ಕುಗ್ಗುವುದನ್ನೂ ಎಣಿಸಿಯೇ ಬಾಗಿಲಿನ ಚೌಕಟ್ಟಿಗೆ ಕೀಲು ಹೊಂದಿಸುವ ನಮ್ಮ ಹಳ್ಳಿಯ ಬಡಗಿಗೆ ಈ ವಿಚಾರಣೆಯ ವರದಿಯನ್ನು ಓದಿ ಹೇಳಿದ್ದರೆ ಅವನು ಮುಂಗಾರನ್ನು ದೂರುತ್ತಿರಲಿಲ್ಲವೆಂದೇ ನನ್ನ ಭಾವನೆ. ಅವಸರದಲ್ಲಿ ಮಾಡಿದ ಕೆಲಸವನ್ನು ದೂರದ ನಾಡಿನ ಮಳೆ ಬಯಲಿಗೆಳೆಯಿತು, ಅಷ್ಟೆ.

ಬಳಿಕ ಕೇಸೀನಿನ ಸ್ಥಾನಕ್ಕೆ ಫಾರ್ಮಾಲ್ಡಿಹೈಡಿನ ಅಂಟು ಬಂದಿತು. ರೆಕ್ಕೆಯ ಸಂಧಿಯ ಉದ್ದಕ್ಕೂ ತೆಳುಹಲಗೆಯ ಪಟ್ಟಿಯೊಂದನ್ನು ಹೊದಿಸಿ, ಬಿಸಿಲು ತಡೆಯಲು ಬೆಳ್ಳಿಬಣ್ಣ ಬಳಿದರು. 1945ರ ಆರಂಭದಲ್ಲಿ 47ನೆಯ ಸ್ಕ್ವಾಡ್ರನ್ನು ಮತ್ತೆ ಮಸ್ಕಿಟೊವನ್ನೇರಿತು. ಮಂಡಾಲೆ, ರಂಗೂನುಗಳ ಕಡೆಗೆ ಸೇನೆ ಮುನ್ನಡೆದಾಗ ಈ ವಿಮಾನಗಳೂ ಆ ಕಾರ್ಯಾಚರಣೆಯಲ್ಲಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಜಪಾನು ಶರಣಾಗಲು, 1672ನೆಯ ಘಟಕವನ್ನೂ ವಿಸರ್ಜಿಸಿದರು.