ಗೇರ್ ಬೀಳದಿದ್ದರೆ ದೋಷವೆಲ್ಲಿ?

ಸೊರಬದಿಂದ ಸುಮಾರು 16 ಕಿ.ಮೀ. ದೂರದ ಗುಡವಿಯ ಕೆರೆಯನ್ನು ಮಳೆಗಾಲದಲ್ಲಿ ನೋಡಿದವರು ಅಲ್ಲಿಯ ಸದ್ದನ್ನು ಮರೆಯಲಾರರು. ಮರದ ತುಂಬ ಗೂಡು, ಗೂಡಿನ ತುಂಬ ಕೂಗು. ಬಲ್ಲವರು ಕಣ್ಣು ಮುಚ್ಚಿಕೊಂಡೇ ಇದು ಬೆಳ್ಳಕ್ಕಿ, ಅದು ನೀರುಕಾಗೆ ಎನ್ನುತ್ತಾರೆ. ಕಾರಿನ ಸದ್ದನ್ನೂ ಹೀಗೆ ಬಿಡಿಸಿ ಕೇಳಬಹುದೆಂಬ ಪಾಠ ನನಗೆ ದೊರೆತದ್ದು ಅಲ್ಲಿಯೇ.

ಹಕ್ಕಿಗಳನ್ನು ನೋಡಿಕೊಂಡು ಸಂಜೆ ಹೊರಟೆವು. ಎಂಜಿನ್ ಹೊತ್ತಿತು, ಆದರೆ ಗೇರ್ ಬೀಳಲೊಲ್ಲದು. ಸನ್ನೆಯನ್ನು ಒತ್ತಿದರೆ ಕರಕರ ಸದ್ದು. ಮಳೆ ಬೇರೆ ಹಿಡಿದಿತ್ತು. ಜೊತೆಯಲ್ಲಿದ್ದವರೊಬ್ಬರು, “ಗೇರ್‌ಬಾಕ್ಸ್ ಹೋಯಿತು, ಶಿವಮೊಗ್ಗಕ್ಕೆ ಎಳೆಸಬೇಕು” ಎಂದುಬಿಟ್ಟರು. ಸೊರಬದಿಂದ ಬಂದ ಮೆಕ್ಯಾನಿಕ್ ಮೊದಲು ಮಾಡಿದ್ದು ಒಂದೇ ಕೆಲಸ: ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿದ. ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಬಿದ್ದವು. “ಗೇರ್‌ಬಾಕ್ಸಿಗೆ ಏನೂ ಆಗಿಲ್ಲ ಸ್ವಾಮಿ, ಕ್ಲಚ್ ಬಿಡ್ತಾ ಇಲ್ಲ” ಎಂದ. ಕ್ಲಚ್ಚಿನ ಎಣ್ಣೆ ಸೋರಿ ಹೋಗಿತ್ತು. ಎಣ್ಣೆ ತುಂಬಿ, ಪೆಡಲನ್ನು ಹತ್ತಾರು ಬಾರಿ ಒತ್ತಿ, ಬ್ರೇಕನ್ನೂ ಪರೀಕ್ಷಿಸಿದ ಮೇಲೆಯೇ ನಮ್ಮನ್ನು ಕಳುಹಿಸಿದ. ಅನೇಕ ಕಾರುಗಳಲ್ಲಿ ಎರಡಕ್ಕೂ ಎಣ್ಣೆಯ ಡಬ್ಬಿ ಒಂದೇ. ಮರುದಿನ ಸೋರುತ್ತಿದ್ದ ರಬ್ಬರನ್ನು ಬದಲಾಯಿಸಿದ್ದಾಯಿತು.

ಇದರ ಗುಟ್ಟು ಸರಳ. ಎಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿಗೆ ಕೂಡಿಸುವುದೂ ಬಿಡಿಸುವುದೂ ಕ್ಲಚ್ಚಿನ ಕೆಲಸ. ಅದು ಪೂರ್ತಿ ಬಿಡದಿದ್ದರೆ ಒಳಗಿನ ಚಕ್ರ ತಿರುಗುತ್ತಲೇ ಇರುತ್ತದೆ, ಗೇರ್ ಬೀಳುವುದಿಲ್ಲ. ಎಂಜಿನ್ ನಿಂತಾಗಲೂ ಗೇರ್ ಬಿಗಿಯಾಗಿದ್ದರೆ ಮಾತ್ರ ಸನ್ನೆಯ ಕೊಂಡಿಗಳನ್ನೂ ಗೇರ್‌ಬಾಕ್ಸಿನ ಒಳಭಾಗವನ್ನೂ ಸಂಶಯಿಸಬೇಕು. ಪರೀಕ್ಷೆಗೆ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬಾರದು.

ಕ್ಲಚ್ ಬಿಡದಿರುವುದು ಒಂದು ರೋಗವಾದರೆ, ಹಿಡಿಯದಿರುವುದು ಇನ್ನೊಂದು. ಏರಿನಲ್ಲಿ ಎಂಜಿನ್ ಅಬ್ಬರಿಸುತ್ತದೆ, ಕಾರು ಮಾತ್ರ ಮುಂದೆ ಸಾಗದು. ಸುಟ್ಟ ವಾಸನೆಯೂ ಬರಬಹುದು. ಕ್ಲಚ್ ಪ್ಲೇಟ್ ಸವೆದಿದೆ, ಇಲ್ಲವೆ ಅದಕ್ಕೆ ಎಣ್ಣೆ ತಗಲಿದೆ ಎಂದು ತಿಳಿಯಬಹುದು.

ಇನ್ನು ಸದ್ದುಗಳು. ಕಾರನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಂಜಿನ್ ನಡೆಯುತ್ತಿರುವಾಗ ಕಿವಿಗೊಡಿ. ಕ್ಲಚ್ ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್ ಬೇರಿಂಗ್ ಸವೆದಿರಬೇಕು. ಪೆಡಲ್ ಬಿಟ್ಟಾಗ ಇದ್ದು, ಒತ್ತಿದೊಡನೆ ಅಡಗಿದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗನ್ನು ನೋಡಿಸಿ. ಓಡುವಾಗ ಒಂದೇ ಗೇರಿನಲ್ಲಿ ಸದ್ದಿದ್ದರೆ ಆ ಗೇರಿನ ಹಲ್ಲುಗಳಲ್ಲಿ ದೋಷ. ಎಲ್ಲ ಗೇರ್‌ಗಳಲ್ಲಿಯೂ ಇದ್ದರೆ ಮೊದಲು ಗೇರ್ ಎಣ್ಣೆಯ ಮಟ್ಟವನ್ನು ನೋಡಿಸುವುದು ಲೇಸು.

ಒಂದು ಗೇರ್ ಹಾಕುವಾಗ ಮಾತ್ರ ಕರಕರ ಎಂದರೆ, ಚಕ್ರಗಳ ವೇಗವನ್ನು ಸಮಮಾಡುವ ಬಳೆ ಸವೆದಿರುವುದು ಸಾಮಾನ್ಯ. ಸಿಂಕ್ರೊಮೆಶ್ ಎಂಬ ಈ ಏರ್ಪಾಡು ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1928ರಲ್ಲಿ ಬಂದಿತು. ನಮ್ಮ ಹಳೆಯ ಫಿಯಟ್ ಕಾರುಗಳಲ್ಲಿ ಮೊದಲನೆಯ ಗೇರಿಗೆ ಇದು ಇರಲಿಲ್ಲ. ಕಾರು ಪೂರ್ತಿ ನಿಂತ ಮೇಲೆಯೇ ಆ ಗೇರ್ ಹಾಕುವುದು ವಾಡಿಕೆಯಾಗಿತ್ತು.

ಹಾಕಿದ ಗೇರ್ ತಾನಾಗಿ ಕಳಚಿಕೊಳ್ಳುವುದನ್ನು ಮಾತ್ರ ಒಂದು ದಿನವೂ ಮುಂದೂಡಬೇಡಿ. ಆಗುಂಬೆಯಂಥ ಘಟ್ಟವನ್ನು ಇಳಿಯುವಾಗ ಎಂಜಿನ್ನಿನ ಹಿಡಿತ ತಪ್ಪಿದರೆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಜಾಣರೂ ಇದೇ ಅಪಾಯವನ್ನು ತಾವಾಗಿಯೇ ತಂದುಕೊಳ್ಳುತ್ತಾರೆ. ಓಡಿಸುವಾಗ ಕ್ಲಚ್ಚಿನ ಮೇಲೆ ಕಾಲನ್ನೂ ಸನ್ನೆಯ ಮೇಲೆ ಕೈಯನ್ನೂ ಇಟ್ಟುಕೊಂಡೇ ಇರುವ ಅಭ್ಯಾಸವನ್ನು ಬಿಟ್ಟರೆ ಈ ಭಾಗಗಳ ಆಯುಷ್ಯ ಹೆಚ್ಚುತ್ತದೆ.

ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚುವುದು ಹಣದ ಮಾತು, ದಿನಗಳ ಮಾತು. ಆದ್ದರಿಂದ ಮೆಕ್ಯಾನಿಕ್ಕಿನ ಬಳಿ ಹೋದಾಗ “ಗೇರ್ ಕೆಟ್ಟಿದೆ” ಎಂದಷ್ಟೇ ಹೇಳಬೇಡಿ. ಎಂಜಿನ್ ನಿಂತಾಗ ಏನಾಗುತ್ತದೆ, ನಡೆಯುವಾಗ ಏನಾಗುತ್ತದೆ, ಸದ್ದು ಯಾವ ಗೇರಿನಲ್ಲಿ, ಪೆಡಲ್ ಒತ್ತಿದಾಗಲೋ ಬಿಟ್ಟಾಗಲೋ, ಇಷ್ಟನ್ನು ಹೇಳಿ. ಅರ್ಧ ರಿಪೇರಿ ಅಲ್ಲಿಗೇ ಮುಗಿದಂತೆ.