ಠಾಣೆಯ ಕಟ್ಟೆ ಹತ್ತಿದ ಮಾತು



ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ನಮ್ಮ ಸಿಂದಗಿ ಸೀಮೆಯಲ್ಲಿ. 1989ರಲ್ಲಿ ‘ಮಾರ್ಗ’ ಗ್ರಂಥದ ಬರಹಗಳಿಗಾಗಿ ಅವರ ಮೇಲೆ ಎಷ್ಟು ಒತ್ತಡ ಬಂತೆಂದರೆ, ಬರೆದದ್ದನ್ನು ಹಿಂದಕ್ಕೆ ಪಡೆಯಬೇಕಾಯಿತು. 2014ರಲ್ಲಿ ವಿಗ್ರಹಾರಾಧನೆ ಕುರಿತು ಆಡಿದ ಮಾತಿಗೆ ಭಾವನೆ ನೊಂದಿತೆಂದು ಪೊಲೀಸರಿಗೆ ದೂರು ಹೋಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ದ್ವೇಷ ಕೊಲ್ಲುತ್ತದೆ ಎಂಬುದನ್ನು ಈ ನೆಲಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನೊಂದ ಭಾವನೆಯ ಹೆಸರಿನ ಕಾನೂನು ಮೊದಲು ಹುಡುಕಿಕೊಂಡು ಹೋದದ್ದು ಕಲಬುರ್ಗಿಯವರನ್ನೇ!

ಈಗ ಅಂಥದೇ ಇನ್ನೊಂದು ಕಾನೂನಿನ ಮಾತು. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕದ ಎರಡೂ ಸದನಗಳು ದ್ವೇಷ ಭಾಷಣ ತಡೆ ವಿಧೇಯಕವನ್ನು ಅಂಗೀಕರಿಸಿದವು. ಒಂದರಿಂದ ಏಳು ವರ್ಷ ಜೈಲು, ವಾರಂಟ್ ಇಲ್ಲದೆ ಬಂಧನ, ಜಾಮೀನುರಹಿತ ಅಪರಾಧ. ಭೀಮೆಯಾಚೆ ಮಹಾರಾಷ್ಟ್ರದ ಶಾಸನಸಭೆಯೂ ಅದೇ ವರ್ಷದ ಜುಲೈನಲ್ಲಿ ವಿಶೇಷ ಸಾರ್ವಜನಿಕ ಭದ್ರತಾ ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತ್ತು. ಪಕ್ಷ ಬೇರೆ, ಹಿಡಿದ ದಾರಿ ಒಂದೇ.

ನಮ್ಮ ಸರಕಾರದ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಸಾಹಿತ್ಯ, ಕಲೆ, ವಿದ್ವತ್ತಿಗೆ ವಿನಾಯಿತಿಯನ್ನೂ ಇಟ್ಟಿದ್ದಾರೆ. ಆದರೆ ಆ ವಿನಾಯಿತಿ ಸಿಗುವುದು ಎಲ್ಲಿ? ಕೋರ್ಟಿನಲ್ಲಿ, ವರ್ಷಗಳಾದ ಮೇಲೆ. ಬೀದರಿನ ಶಾಲೆಯೊಂದರಲ್ಲಿ 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಮಗುವೊಂದರ ತಾಯಿ ಜೈಲಿಗೆ ಹೋದರು, ಪೊಲೀಸರು ಮಕ್ಕಳನ್ನೂ ಕೂರಿಸಿ ಪ್ರಶ್ನೆ ಕೇಳಿದರು. ಹೈಕೋರ್ಟ್ ಆ ಕೇಸನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಆ ತಾಯಿ ಕಂಬಿಯ ಹಿಂದೆ ಕಳೆದ ದಿನಗಳನ್ನು ಯಾವ ತೀರ್ಪು ಮರಳಿ ಕೊಟ್ಟೀತು?

ಕವಿಗಳಿರುವ ಸಭೆ ಇದು, ಆದ್ದರಿಂದ ಇನ್ನೊಂದು ಪ್ರಕರಣವನ್ನು ತುಸು ಬಿಡಿಸಿ ಹೇಳುತ್ತೇನೆ. ಒಂದು ಕವಿತೆ ಇದ್ದ ವಿಡಿಯೊ ಹಂಚಿಕೊಂಡದ್ದಕ್ಕೆ ಸಂಸದ ಇಮ್ರಾನ್ ಪ್ರತಾಪಗಢಿಯವರ ಮೇಲೆ ಗುಜರಾತಿನ ಜಾಮನಗರದಲ್ಲಿ ಕೇಸು ದಾಖಲಾಯಿತು. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ಮೂರು ವರ್ಷದಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಮಾತಿನ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಎಂದಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮು ಅದಕ್ಕೆ ಹದಿನಾಲ್ಕು ದಿನ ಕೊಡುತ್ತದೆ. ಆದರೆ ಆ ಕಲಮು ಅನ್ವಯಿಸುವುದು ಏಳು ವರ್ಷಕ್ಕಿಂತ *ಕಡಿಮೆ* ಶಿಕ್ಷೆಯ ಅಪರಾಧಕ್ಕೆ. ನಮ್ಮ ವಿಧೇಯಕದ ಗರಿಷ್ಠ ಶಿಕ್ಷೆ ಸರಿಯಾಗಿ ಏಳು ವರ್ಷ! ಒಂದೇ ಅಂಕಿಯಿಂದ ಕವಿಯ ರಕ್ಷಣೆ ಹೋಯಿತು.

ಮಾತಿಗೆ ಮಿತಿಯೇ ಬೇಡವೆಂದಲ್ಲ. ಸಾರ್ವಜನಿಕ ಸುವ್ಯವಸ್ಥೆಗಾಗಿ ಮಾತಿಗೆ ಮಿತಿ ಹಾಕುವ ಅಧಿಕಾರ 1951ರ ಮೊದಲ ತಿದ್ದುಪಡಿಯಿಂದಲೇ ಸಂವಿಧಾನದಲ್ಲಿದೆ. ಆ ಮಿತಿ ‘ಸಮಂಜಸ’ವಾಗಿರಬೇಕೆಂಬ ಮಾತೂ ಅದರ ಜೊತೆಗೇ ಬಂದದ್ದು.

ಆದ್ದರಿಂದ ಈ ಸಮ್ಮೇಳನದ ನಿರ್ಣಯಗಳಲ್ಲಿ ಮೂರು ಸಂಗತಿ ಸೇರಿಸಬೇಕೆಂದು ಅಧ್ಯಕ್ಷನಾಗಿ ಕೋರುತ್ತೇನೆ. ಹಿಂಸೆಗೆ ನೇರ ಪ್ರಚೋದನೆ ಇದ್ದರೆ ಮಾತ್ರ ಅಪರಾಧವೆನ್ನಿಸಲಿ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಕಡ್ಡಾಯವಾಗಲಿ. ಜಾಮೀನು ಹಕ್ಕಾಗಲಿ. ನಿರ್ಣಯದ ಪ್ರತಿ ನಾಳೆಯೇ ವಿಜಯಪುರದ ಜಿಲ್ಲಾಧಿಕಾರಿಗಳ ಮೂಲಕ ಬೆಂಗಳೂರಿಗೆ ಹೋಗಲಿ.