ಪೊಟ್ಟಣ ಸಣ್ಣದು, ಶಿಕ್ಷೆ ದೊಡ್ಡದು

(ಮಲ್ಲಟದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತು)



ಪ್ರತಿ ಸಭೆಯಲ್ಲೂ ಉಳಿತಾಯ, ಸಾಲ, ಕಂತು ಅಂತ ಮಾತಾಡ್ತೀವಿ. ಇವತ್ತು ಬೇರೆ ವಿಷಯ. ಹೋದ ತಿಂಗಳು ಒಂದು ಸಂಘದ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಸಿಸ್ಟರ್, ಬೆಂಗಳೂರಿಗೆ ದುಡಿಯಾಕ ಹೋಗಿದ್ದ ಮಗ ಕೂದಲಾ ನೆಟ್ಟಗ ಮಾಡೋ ಮಷಿನ್ ತಂದಾನ್ರಿ. ತಲಿಗಿ ಒಂದಿನಾನೂ ಹಚ್ಚಿಲ್ಲ. ಬಾಗಲಾ ಹಾಕ್ಕೊಂಡು ಏನೋ ಒತ್ತತಾನ. ಮಷಿನ್‌ಗೆ ಜೇನಿನಂಗ ಅಂಟು ಹತ್ಯದ, ಗಾಂಜಾ ವಾಸನಿ ಬರ್ತದ. ಇದು ದೊಡ್ಡ ತಪ್ಪೇನ್ರಿ?"

ಆ ಪ್ರಶ್ನೆಗೆ ಉತ್ತರ ನಿಮಗೆಲ್ಲ ಗೊತ್ತಿರಬೇಕು.

ಗಾಂಜಾ ಗಿಡದ ಹೂವಿನ ಮೇಲೆ ಒಂದು ಅಂಟು ಇರುತ್ತದೆ. ಅಮಲು ಇರುವುದು ಅದರಲ್ಲೇ. ಬಿಸಿ ತಟ್ಟೆಗಳ ನಡುವೆ ಒತ್ತಿ ಆ ಅಂಟನ್ನು ತೆಗೆಯುವುದಕ್ಕೆ 'ರೋಸಿನ್' ಎನ್ನುತ್ತಾರೆ. 2015ರ ಸುಮಾರಿಗೆ ಅಮೆರಿಕದಲ್ಲಿ ಇದು ಹೆಚ್ಚಾಗಿ ಹಬ್ಬಿತು. ಅಲ್ಲಿ ಕೆಲವು ರಾಜ್ಯಗಳಲ್ಲಿ ಗಾಂಜಾಕ್ಕೆ ಅನುಮತಿ ಇದೆ. ನಮ್ಮ ಹುಡುಗರು ಮೊಬೈಲಿನಲ್ಲಿ ಅದನ್ನು ನೋಡಿ, ಇಲ್ಲೂ ನಡೆಯುತ್ತದೆ ಅಂತ ತಿಳಿಯುತ್ತಾರೆ. ಕೆಲವರು ಲಾರಿಯ ಜಾಕ್, ಹೀಟರ್ ಕೂಡಿಸಿ ತಾವೇ ಯಂತ್ರ ಕಟ್ಟುತ್ತಾರೆ. ಕರೆಂಟ್ ಹೊಡೆಯಬಹುದು, ಬೆರಳು ಜಜ್ಜಬಹುದು, ಮನೆಗೆ ಬೆಂಕಿ ಬೀಳಬಹುದು.

"ನಮ್ಮ ಕಡೆ ಜಾತ್ರ್ಯಾಗ ಸಾಧುಗಳು ಸೇದ್ತಾರಲ್ರಿ" ಅಂತೀರಿ. ಹೌದು, ಆ ರೂಢಿ ನಮ್ಮ ಭಾಗದಲ್ಲಿ ಹಳೆಯದು. ಆದರೆ ಕಾನೂನು ಅದಕ್ಕೂ ರಿಯಾಯಿತಿ ಕೊಟ್ಟಿಲ್ಲ. ಮತ್ತೆ, ಸೇಂಗಾ ಬೇರೆ, ಗಾಣದ ಎಣ್ಣೆ ಬೇರೆ. ಗಾಂಜಾಕ್ಕಿಂತ ಈ ಅಂಟಿನ ಅಮಲು ಹಲವು ಪಟ್ಟು ಹೆಚ್ಚು. ಎಳೆ ವಯಸ್ಸಿನವರಿಗೆ ಭಯ, ಸಂಶಯ, ಭ್ರಮೆ ಹಿಡಿಯುವ ಅಪಾಯವಿದೆ.

ಈಗ ಕಾನೂನು ಕೇಳಿರಿ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ 1 ಕಿಲೋ ತನಕ 'ಸಣ್ಣ ಪ್ರಮಾಣ'. ಅದಕ್ಕೆ 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಗಿಡದಿಂದ ಬೇರ್ಪಡಿಸಿದ ಅಂಟು ಯಾವ ರೂಪದಲ್ಲಿದ್ದರೂ ಕಾನೂನು ಅದನ್ನು 'ಚರಸ್' ಎನ್ನುತ್ತದೆ. ಚರಸ್‌ನಲ್ಲಿ ಸಣ್ಣ ಪ್ರಮಾಣ 100 ಗ್ರಾಂ ಮಾತ್ರ. 150 ಗ್ರಾಂ ಗಾಂಜಾ ಸಣ್ಣ ಪ್ರಮಾಣದೊಳಗೇ ಇರುತ್ತದೆ. 150 ಗ್ರಾಂ ಅಂಟಿಗೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. 1 ಕಿಲೋ ದಾಟಿದ ಅಂಟಿಗೆ 10ರಿಂದ 20 ವರ್ಷ. ಪೊಟ್ಟಣ ಸಣ್ಣದಾದಂತೆ ಶಿಕ್ಷೆ ದೊಡ್ಡದಾಯಿತು, ನೋಡಿದಿರಾ?

ಗೊತ್ತಿದ್ದೂ ತನ್ನ ಮನೆಯಲ್ಲಿ ಇದಕ್ಕೆ ಜಾಗ ಕೊಟ್ಟವರಿಗೂ ಅದೇ ಶಿಕ್ಷೆ. ಮನೆ ನಿಮ್ಮ ಹೆಸರಲ್ಲಿದ್ದರೆ ಯೋಚನೆ ಮಾಡಿರಿ. ಹೊಲದ ಮಾತೂ ಹಾಗೆಯೇ. ಹತ್ತಿ, ತೊಗರಿ ಸಾಲಿನ ನಡುವೆ ಯಾರೋ ಗಾಂಜಾ ಹಾಕಿದ್ದು ಕಂಡರೆ ಹೊಲದವರು ಕೂಡಲೇ ಪೊಲೀಸರಿಗೆ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ತಪ್ಪು. ಪಾಲಿಗೆ ಕೊಟ್ಟೀವಿ ಅಂತ ಮರೆತುಬಿಡಬೇಡಿರಿ, ತಿಂಗಳಿಗೊಮ್ಮೆಯಾದರೂ ಹೊಲಕ್ಕೆ ಹೋಗಿ ಬರ್ರಿ.

ಹಾಗಾದರೆ ಮಾಡುವುದೇನು?

1. ಮುಚ್ಚಿಡಬೇಡಿರಿ. ಅಮಲು ಇಲ್ಲದ ಹೊತ್ತಿನಲ್ಲಿ ಮಗನ ಜೊತೆ ಕೂತು ಮಾತಾಡಿರಿ. ಬೈದರೆ ಬಾಗಿಲು ಇನ್ನೂ ಬಿಗಿಯಾಗುತ್ತದೆ.

2. 14446ಕ್ಕೆ ಫೋನ್ ಮಾಡಿರಿ, ದುಡ್ಡಿಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿರಿ.

3. ಚಟ ಹತ್ತಿದವನು ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದು, ತಾನಾಗಿಯೇ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಅಂಟು 100 ಗ್ರಾಂ ದಾಟಿದರೆ ಈ ದಾರಿಯೇ ಇಲ್ಲ. ಅದಕ್ಕೇ ತಡ ಮಾಡಬೇಡಿರಿ.

4. ಹೆಣ್ಣುಮಕ್ಕಳಿಗೆ ಸರ್ಕಾರದ ಉಚಿತ ವಕೀಲರ ನೆರವು ಇದೆ. ಸಹಾಯವಾಣಿ 15100.

5. ಮಗನಿಗೆ ಯಂತ್ರ ಕೊಡಿಸಲು ಯಾರಾದರೂ ಸಂಘದ ಸಾಲ ಕೇಳಿದರೆ, ಯಾವ ಯಂತ್ರ, ಏನು ಕೆಲಸ ಎಂದು ಕೇಳಿ, ನೋಡಿ, ಆಮೇಲೆ ಠರಾವು ಬರೆಯಿರಿ.

ಆ ಅಕ್ಕ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಗ ಇನ್ನೂ ಸಿಟ್ಟಿನಲ್ಲಿದ್ದಾನೆ, ಆಕೆ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. "ಸಿಟ್ಟು ಮಾಡ್ಲಿ ಬಿಡ್ರಿ ಸಿಸ್ಟರ್, ಮನ್ಯಾಗ ಅದಾನಲ್ಲ" ಅಂದಳು. ನಿಮ್ಮ ಸಂಘದಲ್ಲಿ ಇಂಥ ತಾಯಿ ಇದ್ದರೆ ಆಕೆಯ ಬಗ್ಗೆ ಮಾತಾಡಬೇಡಿರಿ, ಆಕೆಯ ಜೊತೆ ಆಸ್ಪತ್ರೆಗೆ ಹೋಗಿರಿ.